ಹೇಳಿಕೆಯಿಂದ ಶಿಫಾರಸಿನವರೆಗೆ

ಮಾನವ ಹಕ್ಕುಗಳ ವಕೀಲಿಕೆಗೆ ಬರುವ ಕಿರಿಯರು ಅಂತರರಾಷ್ಟ್ರೀಯ ಕಾನೂನನ್ನು ಚೆನ್ನಾಗಿಯೇ ಓದಿಕೊಂಡಿರುತ್ತಾರೆ. ಹೇಳಿಕೆ ಬರೆದುಕೊಳ್ಳುವುದನ್ನು ಮಾತ್ರ ಹೆಚ್ಚಿನವರು ಕಲಿತಿರುವುದಿಲ್ಲ. ಪ್ರಕರಣ ಮುಗ್ಗರಿಸುವುದು ಬಹಳ ಸಲ ಅಲ್ಲೇ.

ಹೇಳಿಕೆ ಸಂತ್ರಸ್ತರದೇ ಭಾಷೆಯಲ್ಲಿ, ಅವರದೇ ಮಾತಿನಲ್ಲಿ ಇರಲಿ. ಕಣ್ಣಾರೆ ಕಂಡದ್ದನ್ನೂ ಬೇರೆಯವರಿಂದ ಕೇಳಿದ್ದನ್ನೂ ಬೆರೆಸಬೇಡಿ. ‘ಆಮೇಲೆ ಏನಾಯಿತು?’ ಎಂದು ಕೇಳಬಹುದು, ‘ಅವರು ಹೊಡೆದರಲ್ಲವೇ?’ ಎಂದು ಕೇಳಬಾರದು. ಬರೆದದ್ದನ್ನು ಓದಿ ಹೇಳಿ, ತಿದ್ದುವುದಿದ್ದರೆ ತಿದ್ದಿ, ಆಮೇಲೆ ಸಹಿ ಹಾಕಿಸಿ. ಸಂಘಟನೆಯವರು, ಪತ್ರಕರ್ತರು, ವಕೀಲರು ಒಬ್ಬರಾದ ಮೇಲೊಬ್ಬರು ಬಂದು ಅದೇ ವ್ಯಕ್ತಿಯಿಂದ ನಾಲ್ಕು ಹೇಳಿಕೆ ಪಡೆದರೆ ಹೊತ್ತು, ತಾರೀಕುಗಳಲ್ಲಿ ವ್ಯತ್ಯಾಸ ಬಂದೇ ಬರುತ್ತದೆ. ಪಾಟೀಸವಾಲಿನಲ್ಲಿ ಎದುರು ಪಕ್ಷ ಹಿಡಿಯುವುದು ಅದನ್ನೇ. ನೊಂದವರ ಗಾಯವನ್ನು ಹಾಗೆ ಮತ್ತೆ ಮತ್ತೆ ಕೆದಕುವುದಂತೂ ಅನ್ಯಾಯ. ನ್ಯಾಯಾಲಯಕ್ಕೆ, ವರದಿಗೆ, ಮಾಧ್ಯಮಕ್ಕೆ ಬೇರೆ ಬೇರೆಯಾಗಿ ಒಪ್ಪಿಗೆ ಪಡೆಯಿರಿ. ಚಿತ್ರಹಿಂಸೆಯ ದೂರಾದರೆ ವೈದ್ಯಕೀಯ ಪರೀಕ್ಷೆಗೆ ಒಂದು ದಿನವೂ ತಡಮಾಡಬಾರದು. ಬಾವು, ಕಂದಿದ ಗುರುತು ಬೇಗ ಅಳಿಸಿಹೋಗುತ್ತವೆ. ಪರೀಕ್ಷೆಯ ವಿಧಾನಕ್ಕೆ 2022ರಲ್ಲಿ ಪರಿಷ್ಕರಿಸಿದ ಇಸ್ತಾಂಬುಲ್ ಪ್ರೋಟೋಕಾಲ್, ಅಂದರೆ ಚಿತ್ರಹಿಂಸೆಯ ತನಿಖೆ ಮತ್ತು ದಾಖಲಾತಿಗೆ ವಿಶ್ವಸಂಸ್ಥೆಯ ಕೈಪಿಡಿ, ಇದೆ.

ದೇಶದೊಳಗೆ ನ್ಯಾಯ ಸಿಗದಿದ್ದರೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಡಬಹುದು, ಆ ದೇಶ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿದ 1966ರ ಮೊದಲ ಐಚ್ಛಿಕ ಪ್ರೋಟೋಕಾಲನ್ನು ಒಪ್ಪಿದ್ದರೆ ಮಾತ್ರ. ಅನಾಮಧೇಯ ದೂರು ನಡೆಯುವುದಿಲ್ಲ. ಆದರೆ ಹೆಸರು ಪ್ರಕಟಿಸಬೇಡಿ ಎಂದು ಕೋರಬಹುದು. ದೇಶದ ನ್ಯಾಯಾಲಯಗಳ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿಸಿರಬೇಕು. ಮೇಲ್ಮನವಿ ಸಲ್ಲಿಸದೆ ಬಿಟ್ಟಿದ್ದರೆ, ಅಥವಾ ಹಕ್ಕಿನ ಪ್ರಶ್ನೆಯನ್ನು ಕೆಳಗೆ ಎತ್ತಿಯೇ ಇರದಿದ್ದರೆ ದೂರು ಬಾಗಿಲಲ್ಲೇ ನಿಲ್ಲುತ್ತದೆ. ಆದ್ದರಿಂದ ಮೊದಲ ಅರ್ಜಿಯಲ್ಲೇ ಆ ಪ್ರಶ್ನೆ ಇರಲಿ. ಕೊನೆಯ ತೀರ್ಪಾಗಿ 5 ವರ್ಷ ಕಳೆದಿದ್ದರೆ ವಿಳಂಬಕ್ಕೆ ಗಟ್ಟಿ ಕಾರಣ ಕೊಡಬೇಕಾಗುತ್ತದೆ.

ನೀತಿಯ ಕೆಲಸಕ್ಕೆ ಬೇರೆಯದೇ ಬರವಣಿಗೆ ಬೇಕು. ವಿಶ್ವಸಂಸ್ಥೆಯ 193 ಸದಸ್ಯ ದೇಶಗಳೂ ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಮಾನವ ಹಕ್ಕುಗಳ ಮಂಡಳಿಯ ಸಾರ್ವತ್ರಿಕ ಪರಿಶೀಲನೆಗೆ, ಅಂದರೆ ಯುಪಿಆರ್‌ಗೆ, ಒಳಪಡುತ್ತವೆ. ಒಂದು ದೇಶಕ್ಕೆ ಸಿಗುವುದು ಮೂರೂವರೆ ಗಂಟೆ. ಈ ಪರಿಶೀಲನೆಗೆ ಒಂದು ಸರ್ಕಾರೇತರ ಸಂಸ್ಥೆ ಕೊಡುವ ವರದಿ 2,815 ಪದ ಮೀರಬಾರದು. ಹಲವು ಸಂಸ್ಥೆಗಳ ಜಂಟಿ ವರದಿಗೆ 5,630. ಸಲ್ಲಿಕೆಯ ಗಡುವು ಪರಿಶೀಲನೆಗೆ ತಿಂಗಳುಗಳ ಮೊದಲೇ ಮುಗಿಯುತ್ತದೆ. ಇಷ್ಟು ಇಕ್ಕಟ್ಟಿನಲ್ಲಿ ವಕೀಲರು ಹಿನ್ನೆಲೆಗೇ ಅರ್ಧ ಜಾಗ ಕೊಟ್ಟುಬಿಡುತ್ತಾರೆ, ಶಿಫಾರಸನ್ನು ಕೊನೆಯ ರಾತ್ರಿ ಗೀಚುತ್ತಾರೆ. ಶಿಫಾರಸನ್ನೇ ಮೊದಲು ಬರೆಯಿರಿ. ‘ಬಂಧಿತರ ಹಕ್ಕುಗಳನ್ನು ಕಾಪಾಡಬೇಕು’ ಎಂದರೆ ಯಾವ ಸರ್ಕಾರವೂ ಸಲೀಸಾಗಿ ಒಪ್ಪಿ ಸುಮ್ಮನಾಗುತ್ತದೆ. ‘ಬಂಧಿಸಿದ ಕೂಡಲೇ ವಕೀಲರ ಭೇಟಿಗೆ ಅವಕಾಶ ಕೊಡುವಂತೆ ಈ ಕಲಮನ್ನು ಎರಡು ವರ್ಷದೊಳಗೆ ತಿದ್ದಬೇಕು, ಹೊಣೆ ಗೃಹ ಸಚಿವಾಲಯದ್ದು’ ಎಂದು ಬರೆದರೆ ಮುಂದಿನ ಪರಿಶೀಲನೆಯಲ್ಲಿ ಆಯಿತೇ ಇಲ್ಲವೇ ಎಂದು ಅಳೆಯಬಹುದು.

ಇನ್ನೊಂದು ಮಾತನ್ನು ವಕಾಲತ್ತು ಪಡೆಯುವಾಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಕಾನೂನು ಬದಲಿಸುವ ತೀರ್ಪಿಗಾಗಿ ಸಂಘಟನೆ ಕಾಯುತ್ತಿರುತ್ತದೆ. ಕಕ್ಷಿದಾರರಿಗೆ ನಡುವೆ ಪರಿಹಾರದ ಹಣ ಪಡೆದು ರಾಜಿಯಾದರೆ ಸಾಕೆನಿಸಬಹುದು. ಆಗ ಕಕ್ಷಿದಾರರ ಮಾತೇ ಕೊನೆಯದು. ಖರ್ಚು ಸಂಘಟನೆಯೇ ಭರಿಸುತ್ತಿದ್ದರೂ ಇದು ಬದಲಾಗುವುದಿಲ್ಲ ಎಂದು ಒಪ್ಪಂದದ ಪತ್ರದಲ್ಲಿ ಬರೆದು, ಇಬ್ಬರ ಸಹಿಯನ್ನೂ ಪಡೆದುಕೊಳ್ಳಿ.