ಮೆಟ್ರೊನಿಡಜೋಲ್: ಬ್ಯಾಕ್ಟೀರಿಯದೊಳಗೇ ವಿಷವಾಗುವ ಔಷಧ

ಮೆಟ್ರೊನಿಡಜೋಲ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ‘ಡಿಎನ್‌ಎಯನ್ನು ತುಂಡರಿಸುತ್ತದೆ’ ಎಂದು ಒಂದೇ ಸಾಲಿನಲ್ಲಿ ಉತ್ತರಿಸುವವರು ಹಲವರು. ತಪ್ಪೇನಿಲ್ಲ. ಆದರೆ ಡಿಎನ್‌ಎ ನಮ್ಮ ಜೀವಕೋಶಗಳಲ್ಲಿಯೂ ಇದೆಯಲ್ಲ, ಅದೇಕೆ ತುಂಡಾಗುವುದಿಲ್ಲ? ಈ ಪ್ರಶ್ನೆಯನ್ನು ಹಿಡಿದು ಓದಿದರೆ ಇಡೀ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಈ ಔಷಧವನ್ನು ಕೊಡುವ ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂಬ ಯೋನಿ ಸೋಂಕಿನ ಹಿನ್ನೆಲೆ. ಯೋನಿಯಲ್ಲಿ ಸಾಮಾನ್ಯವಾಗಿ ಉಪಕಾರಿ ಬ್ಯಾಕ್ಟೀರಿಯಗಳಾದ ಲ್ಯಾಕ್ಟೋಬ್ಯಾಸಿಲಸ್‌ಗಳದೇ ಮೇಲುಗೈ. ಅವು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸಿ ಪಿಎಚ್ (ಆಮ್ಲೀಯತೆಯ ಅಳತೆ; ಕಡಿಮೆಯಾದಷ್ಟೂ ಆಮ್ಲೀಯ) 4.5ನ್ನು ದಾಟದಂತೆ ನೋಡಿಕೊಳ್ಳುತ್ತವೆ. ಅವು ಕ್ಷೀಣಿಸಿ ಗಾರ್ಡ್ನೆರೆಲ್ಲ, ಪ್ರಿವೊಟೆಲ್ಲ, ಮೊಬಿಲಂಕಸ್ ಮುಂತಾದ ಬ್ಯಾಕ್ಟೀರಿಯಗಳು ಹೆಚ್ಚಿದಾಗ ಬ್ಯಾಕ್ಟೀರಿಯಲ್ ವಜೈನೋಸಿಸ್ ಕಾಣಿಸಿಕೊಳ್ಳುತ್ತದೆ. ಹೀಗೆ ಹೆಚ್ಚುವವುಗಳಲ್ಲಿ ಬಹುಪಾಲು ಆಮ್ಲಜನಕವಿಲ್ಲದೆ ಬದುಕುವ ಜೀವಿಗಳು. ಔಷಧದ ಗುಟ್ಟು ಇರುವುದೂ ಇಲ್ಲಿಯೇ.

ಮೆಟ್ರೊನಿಡಜೋಲ್ ಸಣ್ಣ ಅಣು. ಯಾವ ಕೋಶದೊಳಕ್ಕಾದರೂ ಸುಲಭವಾಗಿ ನುಸುಳುತ್ತದೆ. ಆ ಹಂತದಲ್ಲಿ ಅದು ನಿರಪಾಯಕಾರಿ. ಅದರಲ್ಲಿರುವ ನೈಟ್ರೋ ಗುಂಪು (ಸಾರಜನಕ, ಆಮ್ಲಜನಕಗಳ ಭಾಗ) ಅಪಕರ್ಷಣಗೊಂಡರೆ, ಅಂದರೆ ಎಲೆಕ್ಟ್ರಾನ್ ಪಡೆದರೆ ಮಾತ್ರ ಅಣು ಹರಿತವಾಗುತ್ತದೆ. ಅದಕ್ಕೆ ಬೇಕಾದ ಎಲೆಕ್ಟ್ರಾನನ್ನು ಕೊಡುವಷ್ಟು ಪ್ರಬಲ ಅಪಕರ್ಷಕಗಳು ಇಂತಹ ಬ್ಯಾಕ್ಟೀರಿಯಗಳಲ್ಲಿವೆ. ಸಕ್ಕರೆಯಿಂದ ಬರುವ ಪೈರುವೇಟ್ ಒಡೆದಾಗ ಹೊರಬೀಳುವ ಎಲೆಕ್ಟ್ರಾನ್‌ಗಳನ್ನು ಫೆರೆಡಾಕ್ಸಿನ್ ಎಂಬ ಪ್ರೋಟೀನು ಹೊತ್ತೊಯ್ಯುತ್ತದೆ, ದಾರಿಯಲ್ಲಿ ಔಷಧ ಅವನ್ನು ಕಸಿದುಕೊಳ್ಳುತ್ತದೆ. ಆಗ ಹುಟ್ಟುವ, ಜೊತೆಯಿಲ್ಲದ ಎಲೆಕ್ಟ್ರಾನ್ ಹೊತ್ತ ಅಲ್ಪಾಯುಷಿ ರ‍್ಯಾಡಿಕಲ್‌ಗಳು ಡಿಎನ್‌ಎ ಎಳೆಗಳನ್ನು ಕಡಿಯುತ್ತವೆ. ಅಂದರೆ ಬ್ಯಾಕ್ಟೀರಿಯ ತನ್ನ ಜೀವನಾಧಾರವಾದ ಕ್ರಿಯೆಯಿಂದಲೇ ಸಾಯುತ್ತದೆ! ಔಷಧ ಹೀಗೆ ರೂಪಾಂತರವಾದಂತೆಲ್ಲ ಕೋಶದೊಳಗೆ ಮೂಲ ಅಣುವಿನ ಸಾಂದ್ರತೆ ಇಳಿಯುತ್ತದೆ. ಹೊರಗಿನಿಂದ ಇನ್ನಷ್ಟು ಔಷಧ ಒಳಕ್ಕೆ ಹರಿದುಬರುತ್ತದೆ.

ಆಮ್ಲಜನಕ ಇದ್ದರೆ ಕಥೆ ಬೇರೆ. ರ‍್ಯಾಡಿಕಲ್ ಪಡೆದ ಎಲೆಕ್ಟ್ರಾನನ್ನು ಆಮ್ಲಜನಕ ಕಿತ್ತುಕೊಳ್ಳುತ್ತದೆ, ಔಷಧ ಮೊದಲಿನ ರೂಪಕ್ಕೆ ಮರಳುತ್ತದೆ. ನಮ್ಮ ಕೋಶಗಳು ಬಹುಮಟ್ಟಿಗೆ ಪಾರಾಗುವುದು ಹೀಗೆ. ಲ್ಯಾಕ್ಟೋಬ್ಯಾಸಿಲಸ್‌ಗಳೂ ಹೆಚ್ಚಾಗಿ ಉಳಿದುಕೊಳ್ಳುತ್ತವೆ. ಚಿಕಿತ್ಸೆಯ ನಂತರ ಆಮ್ಲೀಯತೆಯನ್ನು ಮರಳಿ ತರಬೇಕಾದವು ಅವೇ ಆದ್ದರಿಂದ ಇದು ದೊಡ್ಡ ಲಾಭ. ಕ್ಯಾಂಡಿಡ ಶಿಲೀಂಧ್ರಕ್ಕೆ ಈ ಔಷಧ ನಾಟುವುದೇ ಇಲ್ಲ, ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇಲ್ಲಿ ಎಡವಬೇಡಿ. ಟ್ರೈಕೊಮೋನಾಸ್ ಬ್ಯಾಕ್ಟೀರಿಯವಲ್ಲ, ಏಕಕೋಶ ಪರಾವಲಂಬಿ. ಆದರೂ ಅದರಲ್ಲಿ ಫೆರೆಡಾಕ್ಸಿನ್ ಇರುವುದರಿಂದ ಅದಕ್ಕೂ ಇದೇ ಗತಿ.

ವಾಸ್ತವವಾಗಿ ಔಷಧ ಮೊದಲು ಬಂದದ್ದೇ ಟ್ರೈಕೊಮೋನಾಸ್‌ಗಾಗಿ. 1962ರಲ್ಲಿ ಆ ಸೋಂಕಿಗೆ ಇದನ್ನು ಸೇವಿಸುತ್ತಿದ್ದ ಮಹಿಳೆಯೊಬ್ಬರ ವಸಡಿನ ಹುಣ್ಣು ಕೂಡ ವಾಸಿಯಾಯಿತೆಂದು ವರದಿಯಾಯಿತು. ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳ ಮೇಲೂ ಇದು ಕೆಲಸ ಮಾಡುತ್ತದೆಂಬ ಸುಳಿವು ಸಿಕ್ಕಿದ್ದು ಹೀಗೆ. ಬಾಯಿಯ ಹುಣ್ಣಿನಿಂದ ಇಂತಹ ತಿಳಿವು ಹೊರಟದ್ದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಬ್ಯಾಕ್ಟೀರಿಯಲ್ ವಜೈನೋಸಿಸ್‌ಗೆ ಪ್ರಚಲಿತ ಕ್ರಮ: ದಿನಕ್ಕೆ ಎರಡು ಬಾರಿ 500 ಮಿ.ಗ್ರಾಂ. ಮಾತ್ರೆ, 7 ದಿನ. ಪರ್ಯಾಯವಾದ ಕ್ಲಿಂಡಮೈಸಿನ್ ಬ್ಯಾಕ್ಟೀರಿಯದ ಪ್ರೋಟೀನು ಕಾರ್ಖಾನೆಯಾದ ರೈಬೋಸೋಮಿನ 50ಎಸ್ ಎಂಬ ದೊಡ್ಡ ಘಟಕಕ್ಕೆ ಅಂಟಿ ಪ್ರೋಟೀನು ತಯಾರಿಕೆಯನ್ನು ತಡೆಯುತ್ತದೆ.

ಇಷ್ಟಿದ್ದೂ ಅನೇಕರಲ್ಲಿ ಸೋಂಕು ತಿಂಗಳುಗಳೊಳಗೆ ಮರುಕಳಿಸುತ್ತದೆ. ಗಾರ್ಡ್ನೆರೆಲ್ಲ ಯೋನಿಯ ಒಳಪದರಕ್ಕೆ ಅಂಟಿ ಬಯೋಫಿಲ್ಮ್ ಎಂಬ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತದೆ, ಅದರಡಿಯಲ್ಲಿ ಕೆಲವು ಕೋಶಗಳು ಬದುಕುಳಿಯುತ್ತವೆ. ಸಂಗಾತಿಯಿಂದ ಮತ್ತೆ ಬರುವುದು ಇನ್ನೊಂದು ದಾರಿ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ ಪುರುಷ ಸಂಗಾತಿಗೂ ಮೆಟ್ರೊನಿಡಜೋಲ್ ಮಾತ್ರೆ, ಕ್ಲಿಂಡಮೈಸಿನ್ ಕ್ರೀಮ್ ಕೊಟ್ಟಾಗ 12 ವಾರಗಳೊಳಗಿನ ಮರುಕಳಿಕೆ ಶೇ. 63ರ ಬದಲು ಶೇ. 35 ಇತ್ತು.