ನಾನು ತಪ್ಪೇ ಮಾಡಿಲ್ಲ, ಇಂಟರ್ನೆಟ್ ತಡೆದರೆ ನನಗೇನು ನಷ್ಟ?

ಓದುಗರ ಪ್ರಶ್ನೆ: ನಾನು ಯಾರ ಬಗ್ಗೆಯೂ ಕೆಟ್ಟದಾಗಿ ಬರೆಯುವುದಿಲ್ಲ. ರಾಜಕೀಯದ ಗೊಡವೆಗೂ ಹೋಗುವುದಿಲ್ಲ. ಓದು, ಪರೀಕ್ಷೆ, ಮನೆಯವರು, ಗೆಳೆಯರು, ಇಷ್ಟೇ ನನ್ನ ಲೋಕ. ಸರ್ಕಾರ ಇಂಟರ್ನೆಟ್ ಮೇಲೆ ಕಣ್ಣಿಟ್ಟರೆ, ಕೆಲವು ಸೈಟ್ ಮುಚ್ಚಿದರೆ, ಗಲಾಟೆ ಆದಾಗ ನೆಟ್ ನಿಲ್ಲಿಸಿದರೆ ನನ್ನಂಥವರಿಗೆ ಆಗುವ ನಷ್ಟವಾದರೂ ಏನು?

ನಾನೂ ವಿದ್ಯಾರ್ಥಿ. ಜೊತೆಗೆ ಓದುವವರ ಬಾಯಲ್ಲಿ ಈ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ಇದು ಮನಸ್ಸಿನಿಂದ ಬಂದ ಪ್ರಶ್ನೆ, ಹಾಗಾಗಿ ನೇರವಾಗಿಯೇ ಉತ್ತರ ಹೇಳುತ್ತೇನೆ. ನಷ್ಟ ಮೊದಲು ತಟ್ಟುವುದೇ ನಿಮ್ಮಂಥವರಿಗೆ. ಇಂಟರ್ನೆಟ್ ತಡೆಯಲು ಸರ್ಕಾರಗಳು ಬಳಸುವ ಹೆಚ್ಚಿನ ಸಾಧನಗಳಿಗೆ ತಪ್ಪು ಮಾಡಿದವರು ಯಾರು, ಮಾಡದವರು ಯಾರು ಎಂದು ಬೇರೆ ಮಾಡಲು ಬರುವುದಿಲ್ಲ.

ಯಾಕೆ ಬರುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಹೆಚ್ಚಿನ ಸೈಟ್‌ಗಳ ವಿಳಾಸ ಎಚ್‌ಟಿಟಿಪಿಎಸ್ ಎಂದು ಶುರುವಾಗುತ್ತದೆ, ಅಲ್ವಾ? ಅಂದರೆ ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗುವ ಮಾಹಿತಿಗೆ ಬೀಗ ಹಾಕಿರುತ್ತದೆ. ಅಂಟಿಸಿದ ಅಂಚೆ ಲಕೋಟೆ ಇದ್ದ ಹಾಗೆ: ಹೊರಗಿನ ವಿಳಾಸ ಎಲ್ಲರಿಗೂ ಕಾಣುತ್ತದೆ, ಒಳಗಿನ ಕಾಗದ ಕಾಣುವುದಿಲ್ಲ. ನೀವು ಯಾವ ಸೈಟಿಗೆ ಹೋದಿರಿ ಎಂಬುದು ಇಂಟರ್ನೆಟ್ ಕೊಡುವ ಕಂಪನಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಅಲ್ಲಿ ಯಾವ ಪುಟ ಓದಿದಿರಿ ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಒಂದು ಪುಟದಲ್ಲಿ ಆಕ್ಷೇಪಾರ್ಹ ವಿಷಯ ಇದ್ದು, ಸೈಟಿನವರು ಅದನ್ನು ತೆಗೆಯದಿದ್ದರೆ, ಕಂಪನಿಗೆ ಉಳಿಯುವುದು ಎರಡೇ ದಾರಿ. ಇಡೀ ಸೈಟ್ ತಡೆಯಬೇಕು, ಇಲ್ಲವೇ ಬಿಡಬೇಕು. ಸೈಟಿನ ಹೆಸರು ಕೇಳಿದರೆ ಅದರ ಸಂಖ್ಯಾ ವಿಳಾಸ ಹುಡುಕಿಕೊಡುವ ಡಿಎನ್ಎಸ್ ವ್ಯವಸ್ಥೆಗೆ, ಆ ಹೆಸರಿಗೆ ಉತ್ತರ ಕೊಡಬೇಡ ಎಂದು ಹೇಳಿದರೂ ಅಷ್ಟೇ, ಸೈಟ್ ಪೂರ್ತಿ ಹೋಗುತ್ತದೆ. ಐಪಿ ವಿಳಾಸ, ಅಂದರೆ ಸೈಟ್ ಇರುವ ಕಂಪ್ಯೂಟರಿನ ಸಂಖ್ಯಾ ವಿಳಾಸ, ತಡೆದರೆ ಇನ್ನೂ ಕಷ್ಟ. ಒಂದೇ ಐಪಿ ವಿಳಾಸದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ನೂರಾರು ಸೈಟ್‌ಗಳು ಇರಬಹುದು.

ಟರ್ಕಿಯಲ್ಲಿ 2009ರಲ್ಲಿ ಹೀಗೇ ಆಯಿತು. ಯಾರು ಬೇಕಾದರೂ ಸ್ವಂತ ಸೈಟ್ ಮಾಡಿಕೊಳ್ಳಬಹುದಾದ ಗೂಗಲ್ ಸೈಟ್ಸ್ ಮೇಲೆ ಯಾರೋ ಮಾಡಿದ್ದ ಒಂದು ಸೈಟ್, ಆಧುನಿಕ ಟರ್ಕಿಯ ಸ್ಥಾಪಕ ಅತಾತುರ್ಕ್ ಅವರ ನೆನಪಿಗೆ ಅವಮಾನ ಮಾಡಿದೆ ಎಂದು ಅದನ್ನು ತಡೆಯಲು ಅಲ್ಲಿನ ಕೋರ್ಟ್ ಹೇಳಿತು. ಅದೊಂದನ್ನೇ ತಡೆಯಲು ತಾಂತ್ರಿಕವಾಗಿ ಆಗುವುದಿಲ್ಲ ಎಂದು ಟೆಲಿಕಾಂ ಅಧಿಕಾರಿಗಳು ಹೇಳಿದರು. ಕೊನೆಗೆ ಇಡೀ ಗೂಗಲ್ ಸೈಟ್ಸ್‌ಗೆ ಬೀಗ ಬಿತ್ತು. ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ತನ್ನ ಓದಿಗೆ ಸಂಬಂಧಿಸಿದ ಬರಹಗಳನ್ನು ಅದೇ ಗೂಗಲ್ ಸೈಟ್ಸ್‌ನಲ್ಲಿ ಇಟ್ಟಿದ್ದರು. ಆ ದೂರಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅವರ ಸೈಟ್ ಅವರಿಗೇ ಸಿಗದಾಯಿತು. ಅವರು ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2012ರ ಡಿಸೆಂಬರ್‌ನಲ್ಲಿ ಆ ನ್ಯಾಯಾಲಯ ಅವರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಧಕ್ಕೆ ಆಗಿದೆ ಎಂದು ತೀರ್ಪು ಕೊಟ್ಟಿತು. ಪ್ರಶ್ನೆ ಕೇಳಿದ ನೀವು ಎಷ್ಟು ನಿರಪರಾಧಿಯೋ ಆ ವಿದ್ಯಾರ್ಥಿಯೂ ಅಷ್ಟೇ ನಿರಪರಾಧಿ. ನ್ಯಾಯ ಸಿಗಲು ಮೂರು ವರ್ಷ ದಾಟಿತು.

ತಡೆ ಒಂದು ದೇಶದ ಒಳಗೇ ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. 2008ರ ಫೆಬ್ರುವರಿಯಲ್ಲಿ ಪಾಕಿಸ್ತಾನದಲ್ಲಿ ಯೂಟ್ಯೂಬ್ ತಡೆಯಬೇಕೆಂದು ಆದೇಶ ಬಂತು. ಅಲ್ಲಿನ ದೊಡ್ಡ ಟೆಲಿಕಾಂ ಕಂಪನಿ ಯೂಟ್ಯೂಬ್‌ಗೆ ಹೋಗುವ ದಾರಿಯನ್ನೇ ತನ್ನ ಕಡೆ ತಿರುಗಿಸಿಕೊಂಡಿತು. ಆ ತಪ್ಪು ದಾರಿಯ ಮಾಹಿತಿ ಗಡಿ ದಾಟಿ ಹೊರಗಿನ ನೆಟ್‌ವರ್ಕ್‌ಗಳಿಗೂ ಹರಡಿತು. ಸುಮಾರು ಎರಡು ಗಂಟೆ ಕಾಲ ಜಗತ್ತಿನ ಬಹಳಷ್ಟು ಕಡೆ ಯೂಟ್ಯೂಬ್ ಸಿಗಲಿಲ್ಲ.

ಸೈಟ್ ತಡೆಯುವುದಕ್ಕಿಂತ ಒರಟಾದ ಕ್ರಮ ನೆಟ್ ಅನ್ನೇ ನಿಲ್ಲಿಸುವುದು. ಇದರಲ್ಲಿ ನಮಗೆ, ಓದುವವರಿಗೆ, ತೀರಾ ಹತ್ತಿರದ ಉದಾಹರಣೆ ಪರೀಕ್ಷೆಯದ್ದು. ಇರಾಕ್, ಸಿರಿಯಾ, ಅಲ್ಜೀರಿಯಾ ದೇಶಗಳು ಪ್ರಶ್ನೆಪತ್ರಿಕೆ ಸೋರಿಕೆ ತಡೆಯುತ್ತೇವೆ ಎಂದು ಪರೀಕ್ಷೆಯ ಹೊತ್ತಿನಲ್ಲಿ ದೇಶದ ಇಂಟರ್ನೆಟ್ಟನ್ನೇ ನಿಲ್ಲಿಸಿವೆ, ಅದೂ ಒಂದಲ್ಲ ಹಲವು ವರ್ಷ. ಸೋರಿಕೆ ನಿಜವಾದ ಸಮಸ್ಯೆ. ಕಷ್ಟಪಟ್ಟು ಓದಿದವರಿಗೆ ಅದರಿಂದ ಮೋಸ ಆಗುತ್ತದೆ, ಅದನ್ನು ತಡೆಯಲೇಬೇಕು. ಆದರೆ ಪತ್ರಿಕೆ ಸೋರುವುದು ಅದನ್ನು ಬರೆಯುವ, ಮುದ್ರಿಸುವ, ಸಾಗಿಸುವ, ಕಾಯುವ ಜಾಗಗಳಲ್ಲಿ. ಆ ಜಾಗಗಳಲ್ಲಿರುವ ಜನ ಕೆಲವೇ ಮಂದಿ. ಅವರನ್ನು ಬಿಟ್ಟು ಕೋಟಿಗಟ್ಟಲೆ ಜನರ ನೆಟ್ ನಿಲ್ಲಿಸಿದರೆ ಆಸ್ಪತ್ರೆ, ಬ್ಯಾಂಕು, ಪರೀಕ್ಷೆಗೂ ತಮಗೂ ಸಂಬಂಧವೇ ಇಲ್ಲದ ಅಂಗಡಿಯವರು, ಎಲ್ಲರ ಕೆಲಸವೂ ನಿಲ್ಲುತ್ತದೆ. ನನಗಂತೂ ಇದು ಅಧಿಕಾರವನ್ನು ಸುಲಭದ ಕಡೆ ತಿರುಗಿಸಿದಂತೆ ಕಾಣುತ್ತದೆ. ಮುದ್ರಣದ ಜಾಗಕ್ಕೆ ಭದ್ರತೆ ಕೊಡುವುದು ಕಷ್ಟದ ಕೆಲಸ, ನೆಟ್ ನಿಲ್ಲಿಸಲು ಒಂದು ಆದೇಶ ಸಾಕು.

ದಿನದ ಬದುಕಿನಲ್ಲಿ ಇದು ಹೇಗಿರುತ್ತದೆ ಎಂದು ಯೋಚಿಸಿ. ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ ನೆಟ್ ಇಲ್ಲ. ಒಟಿಪಿ ಎಸ್ಸೆಮ್ಮೆಸ್‌ನಲ್ಲಿ ಬಂದರೂ ಅದನ್ನು ಹಾಕುವ ಪುಟ ತೆರೆಯಬೇಕಲ್ಲ! ವಿದ್ಯಾರ್ಥಿವೇತನದ ಅರ್ಜಿ, ಹಾಲ್ ಟಿಕೆಟ್, ಫಲಿತಾಂಶ, ಕೆಲಸದ ಸಂದರ್ಶನ, ಎಲ್ಲವನ್ನೂ ಆನ್‌ಲೈನ್ ಮಾಡಿದ್ದೇ ಸರ್ಕಾರ ಮತ್ತು ಸಂಸ್ಥೆಗಳು. ಬೇರೆ ದಾರಿ ಉಳಿಸದೆ ಎಲ್ಲವನ್ನೂ ನೆಟ್ ಮೇಲೆ ಹಾಕಿದ ಮೇಲೆ, ನೆಟ್ ನಿಲ್ಲಿಸುವುದು ಸಣ್ಣ ವಿಷಯ ಆಗಿ ಉಳಿಯುವುದಿಲ್ಲ. ಜಮ್ಮು ಮತ್ತು ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ ಇಂಟರ್ನೆಟ್, 2020ರ ಜನವರಿಯ ನಂತರ 2ಜಿ ವೇಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಮರಳಿತು. 4ಜಿ ಎಲ್ಲ ಕಡೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಈ ನಡುವೆಯೇ ಕೊರೊನಾ ಬಂದು ಪಾಠಗಳೆಲ್ಲ ಆನ್‌ಲೈನ್ ಆದವು. 2ಜಿಯಲ್ಲಿ ವಿಡಿಯೊ ಪಾಠ ನೋಡುವುದು ಆಗದ ಮಾತು. ಆ ಮಕ್ಕಳು ಯಾವ ತಪ್ಪು ಮಾಡಿದ್ದರು?

ಹಾಗಾದರೆ ಗಲಾಟೆ ಹೊತ್ತಿಸುವ ಸುಳ್ಳು ಸುದ್ದಿಗೆ ಏನು ಮಾಡುವುದು ಎಂದು ನೀವು ಕೇಳಬಹುದು. ಇದು ಗಟ್ಟಿಯಾದ ಪ್ರಶ್ನೆ. ಸರ್ಕಾರಕ್ಕೆ ಯಾವ ಅಧಿಕಾರವೂ ಇರಬಾರದು ಎಂದು ನಾನು ಹೇಳುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳನ್ನು ತೆಗೆಸಬೇಕು, ಹಣ ದೋಚುವ ನಕಲಿ ಸೈಟ್ ಮುಚ್ಚಿಸಬೇಕು, ಕೊಲ್ಲಿ ಎಂದು ಕರೆ ಕೊಡುವವರನ್ನು ಹಿಡಿಯಬೇಕು. 2019ರ ಏಪ್ರಿಲ್‌ನಲ್ಲಿ ಈಸ್ಟರ್ ದಿನದ ಬಾಂಬ್ ಸ್ಫೋಟಗಳಾದ ಮೇಲೆ ಶ್ರೀಲಂಕಾ ಸಾಮಾಜಿಕ ಜಾಲತಾಣಗಳನ್ನು ಕೆಲವು ದಿನ ತಡೆಯಿತು. ಆಗಿನ ಭಯ ಸುಳ್ಳಲ್ಲ. ಆದರೆ ಅದೇ ಹೊತ್ತಿನಲ್ಲಿ ಮನೆಯವರು ಬದುಕಿದ್ದಾರಾ ಎಂದು ಹುಡುಕುವವರಿಗೂ ಅವೇ ಜಾಲತಾಣಗಳು ಬೇಕಾಗಿರುತ್ತವೆ. ನೆಟ್ ನಿಂತರೆ ವದಂತಿ ಬಾಯಿಂದ ಬಾಯಿಗೆ ಹರಡುತ್ತಲೇ ಇರುತ್ತದೆ. ಅದು ಸುಳ್ಳು ಎಂದು ಪೊಲೀಸರು ಹಾಕುವ ಪೋಸ್ಟ್ ಮಾತ್ರ ಯಾರಿಗೂ ತಲುಪುವುದಿಲ್ಲ.

ಕಡಿಮೆ ಹಾನಿಯ ದಾರಿಗಳೂ ಇವೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸಂದೇಶಗಳಿಂದ 2018ರಲ್ಲಿ ಭಾರತದಲ್ಲಿ ಅಮಾಯಕರನ್ನು ಹೊಡೆದು ಕೊಂದ ಘಟನೆಗಳು ನಡೆದವು. ಅದಾದ ಮೇಲೆ ವಾಟ್ಸ್ಆ್ಯಪ್ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗಿಂತ ಜಾಸ್ತಿ ಕಳಿಸಲಾಗದಂತೆ ಇಲ್ಲಿ ಮಿತಿ ಹಾಕಿತು. 2019ರ ಜನವರಿಯಲ್ಲಿ ಅದೇ ಮಿತಿ ಎಲ್ಲ ದೇಶಗಳಿಗೂ ಬಂತು. 2020ರ ಏಪ್ರಿಲ್‌ನಲ್ಲಿ, ತುಂಬಾ ಸಲ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಾಯಿತು. ಇದರಿಂದ ಎಲ್ಲ ಸುಳ್ಳೂ ನಿಲ್ಲಲಿಲ್ಲ. ಆದರೆ ಹರಡುವ ವೇಗಕ್ಕೆ ಕಡಿವಾಣ ಬಿತ್ತು, ಯಾರ ನೆಟ್ಟೂ ಹೋಗಲಿಲ್ಲ.

ಇನ್ನು ಕಣ್ಣಿಡುವ ವಿಷಯ. ಮುಚ್ಚಿಡುವುದು ಏನೂ ಇಲ್ಲದಿದ್ದರೆ ಭಯ ಯಾಕೆ ಎಂಬ ಮಾತು ಕೇಳಲು ಸರಿಯಾಗಿಯೇ ಇದೆ. ಆದರೆ ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದರೆ ತಪ್ಪು ಮಾಡದವರೂ ಬೇರೆ ರೀತಿ ನಡೆದುಕೊಳ್ಳುತ್ತಾರೆ. 2013ರ ಜೂನ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್ಎಸ್ಎ ನಡೆಸುತ್ತಿದ್ದ ಭಾರೀ ಪ್ರಮಾಣದ ನಿಗಾ, ಅದಕ್ಕಾಗಿ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಅವರಿಂದ ಬಯಲಾಯಿತು. ಭಯೋತ್ಪಾದನೆಗೆ ಸಂಬಂಧಿಸಿದ ವಿಕಿಪೀಡಿಯ ಲೇಖನಗಳನ್ನು ಓದುವವರ ಸಂಖ್ಯೆ ಆಮೇಲೆ ಗಮನಕ್ಕೆ ಬರುವಷ್ಟು ಇಳಿಯಿತು ಎಂದು 2016ರಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ವಿಕಿಪೀಡಿಯ ಲೇಖನ ಓದುವುದು ಅಪರಾಧ ಅಲ್ಲವಲ್ಲ. ಆದರೂ ಜನ ಹಿಂದೆ ಸರಿದರು. ಇದು ನನ್ನನ್ನು ತುಂಬಾ ಕಾಡುವ ವಿಷಯ. ಯುದ್ಧ, ದಂಗೆ, ಧರ್ಮ, ಮಾದಕ ವಸ್ತು, ಮಾನಸಿಕ ಕಾಯಿಲೆ, ಇವೆಲ್ಲದರ ಬಗ್ಗೆ ಹುಡುಕಿ ಓದಬೇಕಾದ ವಯಸ್ಸು ನಮ್ಮದು. ಹುಡುಕುವ ಮೊದಲೇ ಕೈ ತಡೆದರೆ ನಾವು ಕಲಿಯುವುದು ಹೇಗೆ? ಯಾರೂ ಬಂದು ಬೇಡ ಎನ್ನಲಿಲ್ಲ, ಆದರೂ ಓದಲಿಲ್ಲ. ಈ ನಷ್ಟ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಕಾನೂನಿನ ಮಾತು ಅಸ್ಪಷ್ಟವಾಗಿದ್ದರೆ ಇದೇ ಭಯ ಇನ್ನೂ ಹೆಚ್ಚುತ್ತದೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 66ಎ ಎಂಬ ಸೆಕ್ಷನ್ ಇತ್ತು. ಇನ್ನೊಬ್ಬರಿಗೆ ಕಿರಿಕಿರಿ ಆಗುವಂಥ ಸಂದೇಶ ಕಳಿಸಿದರೂ ಅದರಲ್ಲಿ ಸಿಕ್ಕಿಹಾಕಿಕೊಳ್ಳಬಹುದಿತ್ತು. ಮೂರು ವರ್ಷದವರೆಗೆ ಜೈಲು. 2012ರಲ್ಲಿ ಮಹಾರಾಷ್ಟ್ರದ ಒಬ್ಬ ಯುವತಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಬಂಧಿಸಿದರು. ಅದನ್ನು ನೋಡಿ ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಂ ಕೋರ್ಟ್‌ಗೆ ಹೋದರು. 2015ರ ಮಾರ್ಚ್ 24ರಂದು ಕೋರ್ಟ್ ಆ ಸೆಕ್ಷನ್ನನ್ನು ಪೂರ್ತಿ ರದ್ದು ಮಾಡಿತು. ಆದರೂ ಪೊಲೀಸರು ಅದರಡಿ ಕೇಸ್ ಹಾಕುತ್ತಲೇ ಇದ್ದರು. 2021ರಲ್ಲಿ ಇದು ಗಮನಕ್ಕೆ ಬಂದಾಗ ಸುಪ್ರೀಂ ಕೋರ್ಟ್ ಆಘಾತ ವ್ಯಕ್ತಪಡಿಸಿತು. ಲೈಕ್ ಒತ್ತಿದ ಆ ಹುಡುಗಿಯೂ ತಾನು ತಪ್ಪು ಮಾಡುತ್ತಿಲ್ಲ ಎಂದೇ ತಿಳಿದಿದ್ದಳು, ಅಲ್ವಾ?

ಅಧಿಕಾರ ಬೇಕು, ಆದರೆ ಎಷ್ಟು? ಇದಕ್ಕೆ ಅಳತೆ ಆಗಲೇ ಇದೆ. ಭಾರತವೂ ಒಪ್ಪಿಕೊಂಡಿರುವ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದದ 19ನೇ ವಿಧಿ ಪ್ರಕಾರ, ಮಾತಿನ ಮೇಲೆ ನಿರ್ಬಂಧ ಹಾಕುವುದಾದರೆ ಅದು ಕಾನೂನಿನಲ್ಲಿ ಬರೆದಿರಬೇಕು, ಆ ಸಂದರ್ಭಕ್ಕೆ ನಿಜವಾಗಿ ಬೇಕಾಗಿರಬೇಕು. ಕಾಶ್ಮೀರದ ಪ್ರಕರಣದಲ್ಲಿ 2020ರ ಜನವರಿ 10ರಂದು ನಮ್ಮ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿತು. ಇಂಟರ್ನೆಟ್ ಮೂಲಕ ಮಾತಾಡುವುದಕ್ಕೂ ಉದ್ಯೋಗ ಮಾಡುವುದಕ್ಕೂ ಸಂವಿಧಾನದ ರಕ್ಷಣೆ ಇದೆ. ಕೊನೆಯ ದಿನಾಂಕವೇ ಇಲ್ಲದಂತೆ ನೆಟ್ ನಿಲ್ಲಿಸುವಂತಿಲ್ಲ. ನಿಲ್ಲಿಸುವ ಆದೇಶವನ್ನು ಪ್ರಕಟಿಸಬೇಕು, ಆಗ ಜನ ಅದನ್ನು ಕೋರ್ಟ್‌ನಲ್ಲಿ ಪ್ರಶ್ನಿಸಬಹುದು. ಅದೇ ವರ್ಷ ನಿಯಮಕ್ಕೆ ತಿದ್ದುಪಡಿ ಬಂದು, ಒಂದು ಆದೇಶ 15 ದಿನಕ್ಕಿಂತ ಜಾಸ್ತಿ ನಡೆಯಬಾರದು ಎಂದಾಯಿತು. ನನ್ನ ದೃಷ್ಟಿಯಲ್ಲಿ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಆದೇಶ ಪ್ರಕಟಿಸುವ ಮಾತು. ಬರೆದ ಕಾಗದ ಇದ್ದರೆ ಯಾರು, ಯಾಕೆ, ಎಷ್ಟು ದಿನ ಎಂದು ಕೇಳಲು ಒಂದು ಹಿಡಿ ಸಿಗುತ್ತದೆ. ಇಲ್ಲದಿದ್ದರೆ ಸುಮ್ನೆ ಕಾಯುತ್ತಾ ಕೂರಬೇಕು.

ವಿದ್ಯಾರ್ಥಿ ಒಬ್ಬರೇ ಕೇಳಿದರೆ ಏನಾಗುತ್ತದೆ ಎನ್ನಬೇಡಿ. ಕೇರಳದ ಒಂದು ಕಾಲೇಜಿನ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಹುಡುಗಿಯರು ಫೋನ್ ಒಪ್ಪಿಸಬೇಕು ಎಂಬ ನಿಯಮ ಇತ್ತು. ಒಪ್ಪದ ಒಬ್ಬ ವಿದ್ಯಾರ್ಥಿನಿಯನ್ನು ಹಾಸ್ಟೆಲ್‌ನಿಂದ ಹೊರಗೆ ಹಾಕಿದರು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್ ಹೇಳಿ, ಅವರನ್ನು ಮತ್ತೆ ಸೇರಿಸಿಕೊಳ್ಳಲು ಆದೇಶ ಕೊಟ್ಟಿತು.

ಎಲ್ಲರೂ ಕೋರ್ಟ್‌ಗೆ ಹೋಗಲು ಆಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಹಾಲ್ ಟಿಕೆಟ್, ಪಾಠದ ಟಿಪ್ಪಣಿ, ಅರ್ಜಿಯ ಪ್ರತಿ ಇವನ್ನು ಫೋನಿನಲ್ಲೇ ಇಳಿಸಿಟ್ಟುಕೊಳ್ಳಿ. ಕೊನೆಯ ದಿನದವರೆಗೆ ಕಾಯಬೇಡಿ. ನೆಟ್ ನಿಂತು ಅರ್ಜಿ ಹಾಕಲಾಗದಿದ್ದರೆ ತಾರೀಖು ಮುಂದೂಡಿ ಎಂದು ಕಾಲೇಜಿಗೋ ವಿಶ್ವವಿದ್ಯಾಲಯಕ್ಕೋ ಲಿಖಿತವಾಗಿ ಕೇಳಿ. ನಾಲ್ಕು ಜನ ಸೇರಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ನೆಟ್ ಬಂದ ಮೇಲೆ, ನಿಲ್ಲಿಸಿದ ಆದೇಶ ಎಲ್ಲೂ ಪ್ರಕಟವಾಗಿಲ್ಲ ಎಂದಾದರೆ ಮಾಹಿತಿ ಹಕ್ಕಿನಡಿ ರಾಜ್ಯದ ಗೃಹ ಇಲಾಖೆಗೆ ಅರ್ಜಿ ಹಾಕಿ ಅದರ ಪ್ರತಿ ಕೇಳಬಹುದು. ಅರ್ಜಿಯಲ್ಲಿ ಯಾವ ಜಿಲ್ಲೆ, ಯಾವ ದಿನ ಎಂದು ಸ್ಪಷ್ಟವಾಗಿ ಬರೆಯಿರಿ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು ಎಂದು 2005ರ ಕಾಯ್ದೆಯಲ್ಲೇ ಇದೆ.