ಕಾರಿಗೆ ಹವಾ ಹಾಕೋ ಪಂಪ್ ಏರ್‌ಬ್ರಶ್‌ಗೆ ನಡೆಯುತ್ತಾ?

"ಸರ್, ಕಾರಿಗೆ ಹವಾ ಹಾಕೋ ಸಣ್ಣ ಪಂಪ್ ಮನ್ಯಾಗ ಐತಿ. 150 ಪಿಎಸ್‌ಐ ಅಂತ ಬರದೈತಿ. ಏರ್‌ಬ್ರಶ್‌ಗೆ 20 ಸಾಕಲ್ರೀ? ಮತ್ತ ಕಂಪ್ರೆಸರ್ ಯಾಕ ತಗೋಬೇಕು?"

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಮೂರ್ತಿಗೆ ಏರ್‌ಬ್ರಶ್‌ನಿಂದ, ಅಂದರೆ ಹವಾದ ಜೋರಿನಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಿಂದ, ಬಣ್ಣ ಹೊಡೆಯುವವರದ್ದು ಹುಬ್ಬಳ್ಳಿಯಿಂದಲೂ ಗದಗಿನಿಂದಲೂ ಇದೇ ಪ್ರಶ್ನೆ. ಉತ್ತರವೂ ಹೋದ ವರ್ಷದ್ದೇ: ನಡೆಯುವುದಿಲ್ಲ. ಕಾರಣ ಹೇಳದಿದ್ದರೆ ಯಾರೂ ನಂಬಲ್ಲ, ಅದಕ್ಕೆ ಇನ್ನೊಮ್ಮೆ ಹೇಳುತ್ತೇನೆ.

ಆ 150 ಪಿಎಸ್‌ಐ (ಒತ್ತಡದ ಅಳತೆ) ಅನ್ನೋದು ಪಂಪ್ ಎಷ್ಟು ಜೋರಾಗಿ ಒತ್ತಬಲ್ಲದು ಅಂತ ಮಾತ್ರ ಹೇಳುತ್ತದೆ, ಅದೂ ಮುಚ್ಚಿದ ಟೈರಿನೊಳಗೆ. ಬಣ್ಣ ಹೊಡೆಯುವಾಗ ಏರ್‌ಬ್ರಶ್‌ನ ಬಾಯಿ ತೆರೆದೇ ಇರುತ್ತದೆ. ಟ್ರಿಗರ್ ಒತ್ತಿದಷ್ಟು ಹೊತ್ತೂ ಹವಾ ಬರುತ್ತಲೇ ಇರಬೇಕು. 0.3 ಮಿ.ಮೀ. ನಾಝಲ್‌ಗೆ (ಬಣ್ಣ ಹೊರಬರುವ ತೂತು) 15ರಿಂದ 25 ಪಿಎಸ್‌ಐ, ನಿಮಿಷಕ್ಕೆ ಸುಮಾರು 10-15 ಲೀಟರ್ ಹವಾ ಸಾಕು. ಆದರೆ ಅದು ಒಂದೇ ಸಮ ಬರಬೇಕು. ಪಂಪ್ ಸೋಲೋದು ಇಲ್ಲೇ.

ಅದರೊಳಗೆ ಇರುವುದು ಒಂದು ಪುಟ್ಟ ಪಿಸ್ಟನ್. ಹವಾ ಬಿಡೋದು ತಡೆದು ತಡೆದು. ಟೈರಿಗೆ ಹಾಕುವಾಗ ಇದು ಗೊತ್ತಾಗಲ್ಲ, ಯಾಕಂದರೆ ಅಲ್ಲಿ ಟೈರೇ ಟ್ಯಾಂಕ್. ಏರ್‌ಬ್ರಶ್‌ಗೆ ನೇರ ಜೋಡಿಸಿ, ಗಣಪನ ಪೀತಾಂಬರದ ಅಂಚಿಗೆ ಒಂದು ಸಣ್ಣ ಗೆರೆ ಎಳೆದು ನೋಡಿ. ಬಣ್ಣ ದಪ್ಪ, ತೆಳು, ಮತ್ತೆ ದಪ್ಪ, ಮತ್ತೆ ತೆಳು ಬೀಳುತ್ತದೆ. ಆಮೇಲೆ ಎಲ್ಲರೂ ಬೈಯೋದು ಬಣ್ಣದ ಕಂಪನಿಗೆ!

ಇನ್ನೂ ಇದೆ. ಟ್ರಿಗರ್ ಬಿಟ್ಟರೆ ಹವಾಕ್ಕೆ ದಾರಿ ಬಂದ್. ಪಂಪ್ ಮಾತ್ರ ಒತ್ತುತ್ತಲೇ ಇರುತ್ತದೆ. ಪೈಪು ಜಾಯಿಂಟಿನಿಂದ ಪಟ್ ಅಂತ ಕಿತ್ತು ಬರಬಹುದು. ಅಷ್ಟರೊಳಗೆ ಮೋಟರ್ ಕೈ ಇಡಲಾಗದಷ್ಟು ಕಾದಿರುತ್ತದೆ. ಇಂಥ ಪಂಪ್‌ಗಳನ್ನು ಮಾಡಿರುವುದೇ ಹತ್ತು ನಿಮಿಷ ಓಡಿ ಸುಮ್ನೆ ಕೂರಲಿಕ್ಕೆ.

"ನಡುವೆ ಸ್ಟೆಪ್ನಿ ಟೈರ್ ಹಾಕಿದ್ರ?" ಅನ್ನೋ ಜಾಣರೂ ಇದ್ದಾರೆ. ಹವಾ ಒಂದೇ ಸಮ ಬರುತ್ತದೆ, ಒಪ್ಪಿದೆ. ಆದರೆ ಹೊಡೆದಂತೆಲ್ಲ ಒತ್ತಡ ಇಳಿಯುತ್ತದೆ, ಅದನ್ನು ಒಂದೇ ಮಟ್ಟದಲ್ಲಿ ಇಡಲಿಕ್ಕೊಂದು ರೆಗ್ಯುಲೇಟರ್ ಬೇಕು. ಟೈರೊಳಗಿನ ಧೂಳು, ನೀರು ತಡೆಯಲಿಕ್ಕೆ ಫಿಲ್ಟರ್ ಬೇಕು. ಇಷ್ಟು ದುಡ್ಡು ಹಾಕುವವರು ಕಂಪ್ರೆಸರನ್ನೇ ತಗೊಳ್ಳಬಹುದು ಅಲ್ವಾ?

ಮನೆಗೆ 1/6 ಎಚ್‌ಪಿ ಮೋಟರ್, 3 ಲೀಟರ್ ಟ್ಯಾಂಕ್ ಇರುವ ಸಣ್ಣ ಕಂಪ್ರೆಸರ್ ಸಾಕು. ಟ್ಯಾಂಕ್ ಇಲ್ಲದ್ದು ಬೇಡ. ಸಾಮಾನ್ಯವಾಗಿ 3 ಬಾರ್‌ಗೆ (1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ) ಇಳಿದರೆ ಶುರುವಾಗಿ 4 ಬಾರ್‌ಗೆ ತಾನೇ ನಿಲ್ಲುತ್ತದೆ. ರೆಗ್ಯುಲೇಟರ್, ನೀರು ಹಿಡಿಯುವ ಫಿಲ್ಟರ್ ಅದರ ಜೊತೆಗೇ ಬರುತ್ತವೆ. ಒತ್ತಡ ಇಡುವಾಗ ಟ್ರಿಗರ್ ಒತ್ತಿ ಹಿಡಿದು ಒತ್ತಡದ ಮೀಟರಿನ ಮುಳ್ಳು ನೋಡಿ. ಬಿಟ್ಟಾಗ 25 ತೋರಿಸಿದ್ದು ಒತ್ತಿದಾಗ 20ಕ್ಕೂ ಇಳಿಯುತ್ತದೆ. ಧಾರವಾಡದ ಮಳೆಗಾಲದಲ್ಲಿ ದಿನಾ ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ನೀರು ಬಿಡಿ. ಬಿಡದಿದ್ದರೆ ಒಂದಿನ ಬಣ್ಣದ ಜೊತೆ ನೀರಿನ ಹನಿಯೂ ಗಣಪನ ಮುಖಕ್ಕೆ ಬೀಳುತ್ತದೆ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತರುವ ವಿಚಾರ ಇದ್ದರೆ ಈಗಲೇ ಬಿಡಿ. ಎಣ್ಣೆ, ಥಿನ್ನರ್ ಇರುವಲ್ಲಿ ಅದು ಬೆಂಕಿಗೆ ದಾರಿ.

ಕರೆಂಟ್ ಹೋದರೆ ಏನು ಅಂತ ಯಾರೂ ಕೇಳಲ್ಲ. ಕೇಳಬೇಕಿತ್ತು. 3 ಲೀಟರ್ ಟ್ಯಾಂಕ್ 4 ಬಾರ್‌ನಿಂದ 2ಕ್ಕೆ ಇಳಿಯುವಷ್ಟರಲ್ಲಿ ಸಿಗುವುದು 6 ಲೀಟರ್ ಹವಾ, ಅಂದರೆ ಅರ್ಧ ನಿಮಿಷ. ಗ್ಯಾರೇಜ್‌ನವರ 24 ಲೀಟರ್ ಟ್ಯಾಂಕನ್ನು 8 ಬಾರ್ ತುಂಬಿಟ್ಟರೆ ಅದೇ 2ಕ್ಕೆ ಇಳಿಯುವಷ್ಟರಲ್ಲಿ 144 ಲೀಟರ್, ಹತ್ತು ನಿಮಿಷಕ್ಕೆ ಮೋಸವಿಲ್ಲ. ಆದರೆ ಅದರ ಗದ್ದಲ! ಮಾಳಮಡ್ಡಿಯಂಥ ಒತ್ತೊತ್ತು ಮನೆಗಳಲ್ಲಿ ರಾತ್ರಿ ಶುರು ಮಾಡಿದರೆ ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಾರೆ. ಹಗಲೇ ತುಂಬಿಟ್ಟುಕೊಳ್ಳಿ. ಇನ್ವರ್ಟರ್ ನಂಬಬೇಡಿ. ಮೋಟರ್ ಶುರುವಾಗುವಾಗ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಸಣ್ಣ ಇನ್ವರ್ಟರ್ ಟ್ರಿಪ್ ಆಗುತ್ತದೆ. ಸಣ್ಣ ಟ್ಯಾಂಕಿನವರು ಆ ಅರ್ಧ ನಿಮಿಷದಲ್ಲಿ ಗಣಪನ ಕಿರೀಟ ಮುಗಿಸಲು ಹೋಗಬೇಡಿ. ಏರ್‌ಬ್ರಶ್ ಕಪ್‌ನ ಬಣ್ಣ ಚೆಲ್ಲಿ, ನೀರು ಹಾಕಿ, ಹೊಡೆದು ತೊಳೆಯಿರಿ. ಅಕ್ರಿಲಿಕ್ ಬಣ್ಣ ನಾಝಲ್‌ನಲ್ಲಿ ಒಣಗಿತೆಂದರೆ, ಕರೆಂಟ್ ಬಂದ ಮೇಲೂ ಸೂಜಿ ಬಿಚ್ಚಿಕೊಂಡು ಕೂರಬೇಕಾಗುತ್ತದೆ.